ಮೂರನೆಯ ಸಹಿ

ಯಾದಗಿರಿ
6 ಆಗಸ್ಟ್ 2012

ಪ್ರೀತಿಯ ಅಣ್ಣ ಖಂಡಪ್ಪನಿಗೆ ತಂಗಿ ಮಲ್ಲಿಕಮ್ಮನ ನಮಸ್ಕಾರ.

ನಿನ್ನೆ ಮಾನಮ್ಮ ಅತ್ತಿಗೆಗೆ ಫೋನು ಮಾಡಿದಾಗ ಆಕೆ ಅದನ್ನು ನಿನ್ನ ಕೈಗೆ ಕೊಟ್ಟಳು. ನಾನು ಮೂರು ಸಲ "ಅಣ್ಣಾ, ಹೆಂಗದೀ?" ಎಂದೆ. ನೀನು ಮೂರು ಸಲವೂ "ಇಲ್ಲವಾ, ಇನ್ನಾ ಮಳಿ ಇಲ್ಲ" ಎಂದೆ. ಆಮೇಲೆ ಅತ್ತಿಗೆ ಫೋನು ಕಸಿದುಕೊಂಡು ನಕ್ಕಳು. ನನಗೆ ನಗು ಬರಲಿಲ್ಲ. ಎರಡು ವರ್ಷದ ಹಿಂದೆ ಎಡಗಿವಿ ಮಾತ್ರ ಮಂದ ಎನ್ನುತ್ತಿದ್ದೆ. ಈಗ ಎರಡೂ ಹೋದಂತಿದೆ. ಅದಕ್ಕೇ ಈ ಕಾಗದ. ಇನ್ನು ನಾವಿಬ್ಬರೂ ಹೀಗೇ ಮಾತಾಡೋಣ.

ಯಾದಗಿರಿಯಲ್ಲಿ ಕೂತು ಅದೇನು ಕಲಿಸುತ್ತೀ ಎಂದು ಹೋದ ಸಲ ಕೇಳಿದ್ದೆ. ನಿಮ್ಮ ಕಾಲುವೆಯ ಗೇಟುಗಳಿಗೆ ಮೊಬೈಲಿನಲ್ಲಿ ಸಂದೇಶ ಬರುತ್ತದಲ್ಲ, ಇಂಥ ದಿನ ಇಷ್ಟು ಗಂಟೆಗೆ ಇಷ್ಟು ಅಡಿ ತೆರೆಯಬೇಕು ಎಂದು, ಅದನ್ನು ಕಳಿಸುವ ಕಂಪನಿಯವರ ಜನಕ್ಕೇ ನಾನು ಪಾಠ ಹೇಳುತ್ತಿದ್ದೇನೆ. ಸ್ಟೇಷನ್ ರಸ್ತೆಯ ಒಂದು ಕಟ್ಟಡದ ಮೇಲಂತಸ್ತು. ಹದಿನೆಂಟು ಮಂದಿ. ಕಂಪ್ಯೂಟರ್ ಅವರಿಗೆ ನನಗಿಂತ ಚೆನ್ನಾಗಿ ಗೊತ್ತು. ಗೊತ್ತಿಲ್ಲದ್ದು ಒಂದೇ: ದಿನವೂ ನಡೆಯುತ್ತಿರುವ ಕೆಲಸವನ್ನು ಕೆಡಿಸದೆ ಬದಲಾಯಿಸುವುದು. ಹೊಸದನ್ನು ಹೊರಗೆ ಬಿಡುವುದಕ್ಕೆ ಇವರು ರಿಲೀಸ್ ಎನ್ನುತ್ತಾರೆ, ನೀವು ನೀರು ಬಿಡುತ್ತೇವೆ ಎನ್ನುವ ಹಾಗೆ. ಅದಕ್ಕೊಂದು ರಿಜಿಸ್ಟರ್ ಇಡಿಸಿದ್ದೇನೆ. ಏನು ಬದಲಾಯಿಸುತ್ತೇವೆ, ತಪ್ಪಾದರೆ ಹಳೆಯದಕ್ಕೆ ಮರಳುವುದು ಹೇಗೆ, ಎಲ್ಲ ಮೊದಲೇ ಬರೆಯಬೇಕು. ಕೆಳಗೆ ಮೂರು ಸಹಿ. ಮಾಡಿದವರದು, ಪರೀಕ್ಷಿಸಿದವರದು, ಒಪ್ಪಿಗೆ ಕೊಟ್ಟವರದು. ಮೂರೂ ಬೀಳದೆ ಒಂದು ಅಕ್ಷರವೂ ಹೊರಗೆ ಹೋಗಬಾರದು.

ಶಹಾಪುರದ ಮೈನುದ್ದೀನ ಎಂಬುವನಿದ್ದಾನೆ. ಮೂವತ್ತಾರು ವಯಸ್ಸು. ಹತ್ತಿ ಗಿರಣಿಯಲ್ಲಿ ಲೆಕ್ಕ ಬರೆಯುತ್ತಿದ್ದವನು ತಾನೇ ಕಲಿತು ಈ ಕೆಲಸಕ್ಕೆ ಬಂದವನು. ಮೊನ್ನೆ ಎದ್ದು ನಿಂತು ಕೇಳಿದ: "ಮೇಡಂ, ಮೂರು ಸಹಿ ಆಗೂದ್ರಾಗ ಸಂಜಿ ಆಗ್ತದ್ರಿ. ಮ್ಯಾನೇಜರ್ ಸಾಹೇಬ್ರು ಮಧ್ಯಾಹ್ನಕ್ಕ ಬೇಕಂತಾರ. ಅವಾಗ ಏನ್ ಮಾಡ್ಬೇಕ್ರಿ?"

"ಸಂಜಿತನಾ ಕಾಯ್ಬೇಕು," ಎಂದೆ.

ಎಲ್ಲರೂ ನಕ್ಕರು. ಅವನು ಮಾತ್ರ ಬರೆದುಕೊಂಡ.

ಹದಿನಾಲ್ಕು ವರ್ಷದಿಂದ ಇದೇ ಪಾಠ, ಅಣ್ಣ. ಗುಲ್ಬರ್ಗಾದಲ್ಲಿ, ರಾಯಚೂರಿನಲ್ಲಿ, ಈಗ ಇಲ್ಲಿ. ಒಮ್ಮೊಮ್ಮೆ ಮಧ್ಯಾಹ್ನದ ಮೇಲೆ ಮಾತಾಡುತ್ತಿರುವುದು ನಾನೋ ಬೇರೆ ಯಾರೋ ಎಂದು ತಿಳಿಯುವುದಿಲ್ಲ. ಬಾಯಿ ತಾನಾಗಿ ಆಡುತ್ತಿರುತ್ತದೆ, ನಾನು ಕಿಟಕಿಯಾಚೆ ಕೋಟೆಯ ಗುಡ್ಡ ನೋಡುತ್ತಿರುತ್ತೇನೆ.

ಕಿವಿಯನ್ನು ಡಾಕ್ಟರಿಗೆ ತೋರಿಸು.

ನಿನ್ನ ತಂಗಿ
ಮಲ್ಲಿ


ಸುರಪುರ ತಾಲೂಕು, ಗೇಟು ಮನೆ
19 ಆಗಸ್ಟ್ 2012

ತಂಗಿ ಮಲ್ಲಿಗೆ ಅಣ್ಣನ ಆಶೀರ್ವಾದ.

ಕಾಗದ ಮುಟ್ಟಿತು. ದೋರನಹಳ್ಳಿ ಶಾಲೆಯಲ್ಲಿ ಏಳನೆಯ ಇಯತ್ತೆ ತನಕ ಕಲಿತ ಕನ್ನಡ ಇದು, ತಪ್ಪಿದ್ದರೆ ತಿದ್ದಿಕೋ. ಬಾಯಲ್ಲಿ ಬರುವ ಮಾತು ಬೇರೆ, ಪೆನ್ನು ಹಿಡಿದರೆ ಬರುವುದು ಮಾಸ್ತರರ ಮಾತು.

ಕಿವಿಯ ವಿಷಯ ನಿನಗೆ, ಮಾನಮ್ಮನಿಗೆ ಬಿಟ್ಟರೆ ಯಾರಿಗೂ ಗೊತ್ತಿಲ್ಲ. ಗೊತ್ತಾಗುವುದೂ ಬೇಡ. ಕಿವಿ ಕೇಳದ ಲಷ್ಕರನ ಕೈಗೆ ಗೇಟಿನ ಚಾವಿ ಯಾರು ಕೊಡುತ್ತಾರೆ? ಇಪ್ಪತ್ತಾರು ವರ್ಷ ಈ ಕಾಲುವೆಯ ಗೇಟು ತಿರುವಿದ್ದೇನೆ. ಬೇರೆ ಕೆಲಸ ನನಗೆ ಬರುವುದಿಲ್ಲ.

ನಿಜ ಹೇಳಲೇ? ನಿನ್ನ ಹುಡುಗರು ಕಳಿಸುವ ಆ ಸಂದೇಶವೇ ನನ್ನ ಮಾನ ಕಾಯುತ್ತಿದೆ. ಮೊದಲು ನೀರಾವರಿ ಇಲಾಖೆಯ ಸೆಕ್ಷನ್ ಸಾಹೇಬರು ಫೋನಿನಲ್ಲಿ ಹೇಳುತ್ತಿದ್ದರು. ನನಗೆ ಅರ್ಧ ತಿಳಿಯುತ್ತಿತ್ತು, ಅರ್ಧ ಊಹೆ. ಈಗ ಅಂಗಿಯ ಕಿಸೆಯಲ್ಲಿ ಫೋನು ನಡುಗುತ್ತದೆ, ತೆಗೆದು ಓದುತ್ತೇನೆ, ಗೇಟು ತಿರುವುತ್ತೇನೆ. ಕಾಲಿಗೂ ಆರಾಮ. ಮೊದಲು ನೀರು ಬಿಡುವ ಮುಂಚೆ ತಿರುವಿನ ತನಕ ಏರಿಯ ಮೇಲೆ ನಡೆದು, ಸೀಟಿ ಊದಿ, ಕೆಳಗೆ ಯಾರಿದ್ದಾರೆ ನೋಡಿ ಬರುತ್ತಿದ್ದೆ. ಹೋಗಿ ಬರಲು ಅರ್ಧ ತಾಸು. ಮೊಣಕಾಲು ನೋವು ಶುರುವಾದ ಮೇಲೆ ಅದೂ ಕಡಿಮೆಯಾಗಿದೆ. ವೇಳೆ ಮೊದಲೇ ಊರವರಿಗೂ ಗೊತ್ತಿರುತ್ತದೆ, ಬಂದ್ ಇರುವ ವಾರ ಯಾವುದು, ಚಾಲೂ ಇರುವ ವಾರ ಯಾವುದು ಎಂದು.

ನೀನು ಊಟ ಸರಿಯಾಗಿ ಮಾಡು. ಮಾನಮ್ಮ ಶೇಂಗಾ ಹಿಂಡಿ ಕುಟ್ಟಿ ಇಟ್ಟಿದ್ದಾಳೆ, ಯಾರಾದರೂ ಆ ಕಡೆ ಬಂದರೆ ಕಳಿಸುತ್ತೇನೆ.

ಅಣ್ಣ
ಖಂಡಪ್ಪ


ಗೇಟು ಮನೆ
13 ಅಕ್ಟೋಬರ್ 2012

ಮಲ್ಲಿ,

ನನ್ನಿಂದ ಒಂದು ಅನಾಹುತ ಆಗಿದೆ. ಬೇರೆಯವರ ಬಾಯಿಂದ ಕೇಳುವ ಮುಂಚೆ ನಾನೇ ಬರೆಯುತ್ತಿದ್ದೇನೆ.

ಗುರುವಾರ ಬಂದ್ ವಾರ ನಡೆದಿತ್ತು. ಕಾಲುವೆಯಲ್ಲಿ ಅಲ್ಲಲ್ಲಿ ಮಡುವಿನಲ್ಲಿ ಮಾತ್ರ ನೀರು. ಮಹಾನವಮಿ ಹತ್ತಿರ ಬಂತಲ್ಲ, ಕೆಳಗಿನ ಊರಿನ ಹೆಣ್ಣುಮಕ್ಕಳು ಕೌದಿ ಒಗೆಯಲು ಇಳಿದಿದ್ದರು. ಹನ್ನೊಂದಕ್ಕೆ ಇಪ್ಪತ್ತು ನಿಮಿಷ ಇದ್ದಾಗ ಫೋನು ನಡುಗಿತು. "ಗೇಟು 12, ಇಂದು 11 ಗಂಟೆಗೆ ಒಂದೂವರೆ ಅಡಿ ತೆರೆಯುವುದು." ಬಂದ್ ವಾರದಲ್ಲಿ ಇದೇನು ಎಂದು ಒಂದು ಗಳಿಗೆ ಅನಿಸಿತು. ಆದರೆ ಹೋದ ತಿಂಗಳೂ ಒಮ್ಮೆ ಹಾಗೇ ಬಂದಿತ್ತು, ಸರಿಯಾಗಿಯೇ ಇತ್ತು. ಹನ್ನೊಂದಕ್ಕೆ ತೆರೆದೆ.

ತಿರುವಿನಾಚೆ ಶೇಖಮ್ಮ, ಅವಳ ನೆಗೆಣ್ಣಿ ಸುಗಲಮ್ಮ ಇಬ್ಬರೇ ಇದ್ದರಂತೆ. ಸುಗಲಮ್ಮ ದಂಡೆ ಹತ್ತಿದಳು. ಶೇಖಮ್ಮನ ಕಾಲಿಗೆ ತೊಯ್ದ ಕೌದಿ ಸುತ್ತಿಕೊಂಡಿತು. ನೀರು ಅವಳನ್ನು ಕೆಳಗಿನ ಕಲ್ಲಿನ ಮೆಟ್ಟಿಲ ತನಕ ಎಳೆದೊಯ್ದು ಬಡಿದಿದೆ. ಹೊಲದಲ್ಲಿದ್ದ ಗಂಡಸರು ಹಗ್ಗ ಹಾಕಿ ತೆಗೆದರು. ಜೀವ ಇದೆ. ಸೊಂಟದ ಎಲುಬು, ಭುಜ ಮುರಿದಿವೆ. ಗುಲ್ಬರ್ಗಾಕ್ಕೆ ಒಯ್ದರು.

ನನಗೆ ತಿಳಿದದ್ದು ಸುಗಲಮ್ಮ ಓಡಿ ಬಂದು ನನ್ನ ಮುಖದ ಮುಂದೆ ನಿಂತು ಕೈ ಬೀಸಿದಾಗ. ಅವಳ ಬಾಯಿ ಮಾತ್ರ ಆಡುತ್ತಿತ್ತು. ಗೇಟು ಇಳಿಸುವಷ್ಟರಲ್ಲಿ ಎಲ್ಲ ಆಗಿಹೋಗಿತ್ತು.

ಮರುದಿನ ಸಾಹೇಬರು ಹೇಳಿಕೆ ಬರೆಸಿಕೊಂಡರು. ಸಂಜೆ ಅಮಾನತಿನ ಕಾಗದ ಬಂತು. ಬಂದ್ ವಾರದಲ್ಲಿ ಆದೇಶವಿಲ್ಲದೆ ಗೇಟು ತೆರೆದ ಎಂದು ಬರೆದಿದ್ದಾರೆ. ಸಂದೇಶ ತೋರಿಸಿದೆ. ಅಂಥ ಸಂದೇಶ ನಾವು ಕಳಿಸಿಯೇ ಇಲ್ಲ ಎಂದು ಕಂಪನಿಯವರು ಹೇಳಿದ್ದಾರಂತೆ. ಫೋನನ್ನೂ ಇಸಿದುಕೊಂಡರು.

ಶೇಖಮ್ಮ ನಾಟಿ ಮಾಡುವ ಆಳುಗಳ ಮುಂದಾಳು. ಇಪ್ಪತ್ತು ಹೆಂಗಸರನ್ನು ಕಟ್ಟಿಕೊಂಡು ರೈತರ ಕ್ಯಾಂಪುಗಳ ಭತ್ತದ ಗದ್ದೆಗಳಿಗೆ ಹೋಗುವವಳು. ಇನ್ನು ಅವಳು ಬಗ್ಗುವುದು ಹೇಗೆ?

ಖಂಡಪ್ಪ


ಯಾದಗಿರಿ
21 ಅಕ್ಟೋಬರ್ 2012

ಅಣ್ಣ,

ನಿನ್ನ ತಪ್ಪಿಲ್ಲ. ಈ ಮಾತನ್ನು ಮೊದಲೇ ಬರೆದುಬಿಡುತ್ತೇನೆ.

ಸಂದೇಶ ಇಲ್ಲಿಂದಲೇ ಹೋಗಿದೆ. ಹತ್ತನೆಯ ತಾರೀಖು ಒಂದು ರಿಲೀಸ್ ಆಗಿತ್ತು. ನಿಮ್ಮ ವಿತರಣಾ ಕಾಲುವೆಗೆ ಎರಡು ಹೊಸ ತೂಬು ಸೇರಿದ್ದರಿಂದ ಗೇಟುಗಳ ಸಂಖ್ಯೆ ಬದಲಾಯಿತು. ಹತ್ತನೆಯ ಗೇಟಿನ ತನಕ ಸರಿ ಇತ್ತು. ಅಲ್ಲಿಂದ ಮುಂದೆ ಎಲ್ಲವೂ ಪಟ್ಟಿಯಲ್ಲಿ ಎರಡು ಮನೆ ಜಾರಿದ್ದವು. ಹದಿನಾಲ್ಕರವನಿಗೆ ಹೋಗಬೇಕಾದದ್ದು ನಿನಗೆ ಬಂದಿದೆ. ಹನ್ನೊಂದೂ ಇಪ್ಪತ್ತಕ್ಕೆ ಬೇರೆ ಗೇಟಿನವನೊಬ್ಬ ಫೋನು ಮಾಡಿ ಕೇಳಿದಾಗ ಮೈನುದ್ದೀನನಿಗೆ ತಿಳಿಯಿತು. ಹತ್ತು ನಿಮಿಷದಲ್ಲಿ ಹಳೆಯ ಪಟ್ಟಿಗೆ ಮರಳಿಸಿದ. ಆಮೇಲೆ ಕೂತು, ಏನು ತಪ್ಪಾಯಿತು, ಎಷ್ಟು ಹೊತ್ತಿಗೆ, ಯಾವ ಗೇಟಿಗೆ, ಎಲ್ಲವನ್ನೂ ರಿಜಿಸ್ಟರಿನಲ್ಲಿ ಬರೆದ. ಆ ಹೊತ್ತಿಗೆ ಹನ್ನೆರಡನೆಯ ಗೇಟಿನ ಕೆಳಗೆ ಏನಾಗಿದೆ ಎಂಬುದು ಇಲ್ಲಿ ಯಾರಿಗೂ ಗೊತ್ತಿರಲಿಲ್ಲ.

ಗೊತ್ತಾದ ಮೇಲೆ ಮ್ಯಾನೇಜರು ನಮ್ಮಿಬ್ಬರನ್ನೂ ಕರೆದರು. "ಆ ಪುಟ ಯಾಕ ಬೇಕ್ರಿ ಮೇಡಂ? ಟ್ರೇನಿಂಗ್ ರಿಜಿಸ್ಟರ್ ಅದು. ಹೊಸಾದು ಬರೆಸಿದ್ರ ಆಯ್ತು," ಎಂದರು.

ಮೈನುದ್ದೀನ ಹೇಳಿದ: "ಕಪಾಟಿನ ಚಾವಿ ನನ್ನ ಹತ್ರ ಅದರಿ ಸಾಹೇಬ್ರ. ನಾ ಕೊಡಂಗಿಲ್ಲ."

"ನೌಕರಿ ಬ್ಯಾಡೇನೋ ನಿನಗ?"

"ಬೇಕ್ರಿ. ಮೂರು ಮಕ್ಕಳದಾವ್ರಿ. ಆದ್ರ ತಪ್ಪಾದ್ರೂ ಬರ್ದು ಇಡ್ಬೇಕಂತ ಇವ್ರು ಕಲಿಸ್ಯಾರಲ್ರಿ."

ಅವನು ನನ್ನತ್ತ ನೋಡಿದ. ನಾನು ಮೇಜಿನ ಮೇಲಿದ್ದ ಪೇಪರ್‌ವೇಟನ್ನು ನೋಡುತ್ತಿದ್ದೆ.

ಇವತ್ತಿನಿಂದ ದಸರಾ ರಜೆ. ಎಲ್ಲರೂ ಊರಿಗೆ ಹೋಗಿದ್ದಾರೆ. ಗಂಟಲು ಕೆಟ್ಟು ಹದಿನೈದು ದಿನವಾಯಿತು, ಸರಿಯಾಗುತ್ತಿಲ್ಲ.

ವಿಚಾರಣೆ ಯಾವಾಗ ಎಂದು ತಿಳಿಸು. ರಿಜಿಸ್ಟರ್ ಅಲ್ಲಿಗೆ ಬರುವಂತೆ ನೋಡುತ್ತೇನೆ.

ಮಲ್ಲಿ


ಗೇಟು ಮನೆ
30 ಅಕ್ಟೋಬರ್ 2012

ತಂಗಿ ಮಲ್ಲಿಗೆ,

ವಿಚಾರಣೆ ನವೆಂಬರ್ ಇಪ್ಪತ್ತೆರಡಕ್ಕೆ, ಸುರಪುರದ ಪ್ರವಾಸಿ ಮಂದಿರದಲ್ಲಿ.

ಗೇಟಿಗೆ ಬೇರೆಯವನನ್ನು ಹಾಕಿದ್ದಾರೆ. ಮನೆ ಮಾತ್ರ ಇನ್ನೂ ಖಾಲಿ ಮಾಡಿಸಿಲ್ಲ. ಬೆಳಿಗ್ಗೆ ಅವನು ಗೇಟು ತಿರುವುವಾಗ ನಾನು ಒಳಗೇ ಕೂತಿರುತ್ತೇನೆ. ಕೂತಲ್ಲೇ ನೆಲದ ಕಂಪನ ತಿಳಿಯುತ್ತದೆ, ನೀರು ಎಷ್ಟು ಬಿಟ್ಟ ಎಂದು. ಹೊರಗೆ ಹೋಗಲು ಮನಸ್ಸಾಗುವುದಿಲ್ಲ.

ಶೇಖಮ್ಮನನ್ನು ಮೊನ್ನೆ ಊರಿಗೆ ಕರೆತಂದರಂತೆ. ಮಲಗಿದಲ್ಲೇ ಇದ್ದಾಳೆ. ಊರಲ್ಲಿ ಮಂದಿ ಬೇರೆ ಮಾತಾಡುತ್ತಿದ್ದಾರೆ ಎಂದು ಮಾನಮ್ಮ ಹೇಳಿದಳು. ನೀರು ಬರುವುದು ಕಂಡರೂ ಕೌದಿಯ ಆಸೆಗೆ ನಿಂತಳು, ಕೂಗಿದ್ದರೆ ಲಷ್ಕರ ಗೇಟು ಇಳಿಸುತ್ತಿರಲಿಲ್ಲವೇ, ಎಂದು. "ನಾನು ಕೂಗಿದೆ, ಗಂಟಲು ಹರಿಯುವ ಹಾಗೆ ಕೂಗಿದೆ" ಎಂದು ಅವಳು ಹೇಳುತ್ತಾಳಂತೆ. ಸುಗಲಮ್ಮನೂ ಹಾಗೇ ಹೇಳುತ್ತಾಳೆ. ಯಾರೂ ನಂಬುವುದಿಲ್ಲ. ಯಾಕೆಂದರೆ ಹೇಳಿಕೆಯಲ್ಲಿ ನಾನು ಬರೆಸಿದ್ದೇನೆ, ಯಾರೂ ಕೂಗಲಿಲ್ಲ ಎಂದು. ಸಾಹೇಬರು "ಯಾರರ ಕೂಗಿದ್ರೇನು?" ಎಂದು ಕೇಳಿದ್ದು ತುಟಿಯಿಂದ ತಿಳಿಯಿತು. ಇಲ್ಲ ಎಂದೆ. ಅಷ್ಟೇ ನಡೆದದ್ದು.

ನಿನ್ನ ಕಾಗದ ಎರಡು ಸಲ ಓದಿದೆ. ಮೈನುದ್ದೀನನಿಗೆ ನನ್ನ ಸಲಾಮು ಹೇಳು. ಅವನ ನೌಕರಿ ಹೋಗದಂತೆ ನೋಡಿಕೋ.

ಒಂದು ಮಾತು ಕೇಳಲೇ? ರಿಜಿಸ್ಟರಿನಲ್ಲಿ ಮೂರು ಸಹಿ ಇರುತ್ತವೆ ಎಂದು ನೀನೇ ಬರೆದಿದ್ದೆ. ಮಾಡಿದವನು ಮೈನುದ್ದೀನ. ಪರೀಕ್ಷಿಸಿದವನು ಯಾರೋ ಇರಬೇಕು. ಮೂರನೆಯದು ಯಾರದು?

ಅಣ್ಣ
ಖಂಡಪ್ಪ


ಯಾದಗಿರಿ
9 ನವೆಂಬರ್ 2012

ಅಣ್ಣ,

ಮೂರನೆಯದು ನನ್ನದು.

ಹತ್ತು ದಿನ ಈ ಒಂದು ಸಾಲು ಬರೆಯಲು ಆಗಲಿಲ್ಲ. ಈಗ ಬರೆದೆ. ಉಳಿದದ್ದನ್ನೂ ಹೇಳುತ್ತೇನೆ.

ಒಪ್ಪಿಗೆ ಕೊಡುವ ಅಧಿಕಾರಿಯನ್ನು ಕಂಪನಿಯವರು ಇನ್ನೂ ನೇಮಿಸಿರಲಿಲ್ಲ. ತರಬೇತಿ ಮುಗಿಯುವ ತನಕ ನೀವೇ ಸಹಿ ಹಾಕಿ ಎಂದಿದ್ದರು. ಆ ಬುಧವಾರ ನನಗೆ ಜ್ವರವಿತ್ತು. ಬೆಳಿಗ್ಗೆ ಒಂದು ಪಾಠ, ಮಧ್ಯಾಹ್ನ ಇನ್ನೊಂದು. ರಜೆಗೆ ಮುಂಚೆ ಹೊಸ ಪಟ್ಟಿ ಹೊರಗೆ ಹೋಗಬೇಕೆಂದು ಮ್ಯಾನೇಜರು ಮೂರು ಸಲ ಬಂದು ಹೋಗಿದ್ದರು. ನಾಲ್ಕು ಗಂಟೆಗೆ ಮೈನುದ್ದೀನ ರಿಜಿಸ್ಟರ್ ತಂದ. ಪರೀಕ್ಷಿಸಿದವನು ರಾಮಸಮುದ್ರದ ದೇವಿಂದ್ರ, ಅವನ ಸಹಿ ಇತ್ತು. ನಾನು ಪೆನ್ನು ತೆಗೆದೆ.

"ಮೇಡಂ, ಹಿಂದಿನ ಪುಟದಾಗ ದೇವಿಂದ್ರ ಏನೋ ಬರ್ದಾನ್ರಿ. ಅದನ್ನ ನೋಡಿ ಸಹಿ ಮಾಡ್ರಿ," ಎಂದ ಮೈನುದ್ದೀನ.

"ನೋಡೀನಿ. ತಗೊಂಡು ಹೋಗು," ಎಂದೆ.

ನೋಡಿರಲಿಲ್ಲ, ಅಣ್ಣ. ಪುಟ ತಿರುಗಿಸುವುದು ಕೂಡ ನನಗೆ ಭಾರವಾಗಿತ್ತು. ಮನೆಗೆ ಹೋಗಿ ಮಲಗಿದರೆ ಸಾಕಾಗಿತ್ತು. ದೇವಿಂದ್ರ ಬರೆದದ್ದು ಇಷ್ಟೇ: "ಹತ್ತು ಗೇಟು ನೋಡಿದ್ದೇನೆ. ಉಳಿದವು ನಾಳೆ ನೋಡಬೇಕು." ನಾನು ನೋಡಿದ್ದೇನೆ ಎಂದ ಮೇಲೆ ಮೈನುದ್ದೀನ ಯಾಕೆ ತಡೆಯುತ್ತಾನೆ? ಐದು ಗಂಟೆಗೆ ಹೊರಗೆ ಬಿಟ್ಟ.

ಹದಿನಾಲ್ಕು ವರ್ಷ ಕಲಿಸಿದ್ದು ಅದೊಂದನ್ನೇ.

ಅವನು ಮ್ಯಾನೇಜರ ಮುಂದೆ ಚಾವಿ ಕೊಡುವುದಿಲ್ಲ ಎಂದಾಗ, ಆ ಪುಟ ಉಳಿದರೆ ನನ್ನ ಸಹಿಯೂ ಉಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು. ಪುಟ ಹರಿದು ಹಾಕಿದರೆ ನಾನು ಉಳಿಯುತ್ತೇನೆ, ಉಳಿಸಿದರೆ ನೀನು ಉಳಿಯುತ್ತೀ. ಅದಕ್ಕೇ ಅಲ್ಲಿ ನಾನು ಅವನ ಪರ ಬಾಯಿ ಬಿಡಲಿಲ್ಲ. ನಿನಗೆ ನಿನ್ನ ತಪ್ಪಿಲ್ಲ ಎಂದು ಬರೆದೆನಲ್ಲ, ಯಾರ ತಪ್ಪು ಎಂದು ಬರೆಯಲಿಲ್ಲ.

ಇಪ್ಪತ್ತೆರಡಕ್ಕೆ ನಾನೂ ಮೈನುದ್ದೀನನೂ ರಿಜಿಸ್ಟರ್ ಹಿಡಿದು ಸುರಪುರಕ್ಕೆ ಬರುತ್ತೇವೆ. ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಅಲ್ಲಿ ನಾನು ನಿನ್ನ ತಂಗಿ ಎಂಬುದನ್ನೂ ಹೇಳಬೇಕಾಗುತ್ತದೆ.

ನನ್ನ ಮೇಲೆ ಸಿಟ್ಟಿದ್ದರೆ ಈ ಕಾಗದಕ್ಕೆ ಉತ್ತರ ಬರೆಯಬೇಡ. ಅಲ್ಲೇ ಭೇಟಿಯಾಗೋಣ.

ಮಲ್ಲಿಕಮ್ಮ


ಗೇಟು ಮನೆ
25 ನವೆಂಬರ್ 2012

ತಂಗಿ ಮಲ್ಲಿಗೆ,

ಉತ್ತರ ಬರೆಯಲಿಲ್ಲ, ಸಿಟ್ಟಿನಿಂದಲ್ಲ. ನಾನೂ ಬರೆಯಬೇಕಾದದ್ದು ಒಂದಿತ್ತು, ಅದು ಬರುತ್ತಿರಲಿಲ್ಲ.

ಅಂದು ನಿಮ್ಮಿಬ್ಬರ ಹೇಳಿಕೆ ಮುಗಿದ ಕೂಡಲೇ ನಿಮ್ಮನ್ನು ಹೊರಗೆ ಕಳಿಸಿದರು. ಯಾದಗಿರಿಯ ಕೊನೆಯ ಬಸ್ಸಿಗೆ ನೀವು ಹೊರಟಿರಿ. ನಾನು ಒಳಗೆ ಹೋದದ್ದು ಆಮೇಲೆ. ಅಲ್ಲಿ ಏನಾಯಿತು ಎಂದು ನಿನಗೆ ಗೊತ್ತಿಲ್ಲ.

ಬಾಗಿಲಲ್ಲೇ ಸೆಕ್ಷನ್ ಸಾಹೇಬರು ನನ್ನ ತೋಳು ಹಿಡಿದು ಕಿವಿಯ ಹತ್ತಿರ ಬಾಯಿ ತಂದರು. "ಖಂಡಪ್ಪಾ, ರಿಜಿಸ್ಟರ್ ಬಂದದ. ನೀ ಪಾರಾದಿ. ಕೇಳಿದ್ದಕ್ಕಷ್ಟ ಹೌದ್ರಿ ಅನ್ನು, ಮನಿಗಿ ನಡಿ." ಅಷ್ಟು ಹತ್ತಿರ ಬಂದದ್ದರಿಂದ ತಿಳಿಯಿತು.

ವಿಚಾರಣೆಯ ಅಧಿಕಾರಿ ಮೇಜಿನಾಚೆ ಕೂತಿದ್ದರು. ದಪ್ಪ ಮೀಸೆ, ತುಟಿ ಕಾಣುವುದಿಲ್ಲ. ಏನೋ ಕೇಳಿದರು. ನನಗೆ ಒಂದು ಅಕ್ಷರ ತಿಳಿಯಲಿಲ್ಲ. ಮೇಜಿನ ಮೇಲೆ ಸುಗಲಮ್ಮನ ಹೇಳಿಕೆ ತೆರೆದೇ ಇತ್ತು. ಅವಳು ಕೂಗಿದಳು ಎಂಬ ಮಾತಿನ ಪಕ್ಕದಲ್ಲಿ ಗುಮಾಸ್ತ ಕೆಂಪು ಶಾಯಿಯಲ್ಲಿ ಬರೆದಿದ್ದ: "ಸಂಬಂಧಿಕಳು. ಲಷ್ಕರನ ಹೇಳಿಕೆಗೆ ವಿರುದ್ಧ." ನನ್ನ ಒಂದು "ಇಲ್ಲ" ಅವರಿಬ್ಬರನ್ನೂ ಸುಳ್ಳುಗಾರರನ್ನಾಗಿ ಮಾಡಿತ್ತು. ಕಿಟಕಿಯಾಚೆ ಬೇವಿನ ಗಿಡದ ಕೆಳಗೆ ಹೊರಸಿನ ಮೇಲೆ ಶೇಖಮ್ಮ ಮಲಗಿದ್ದಳು. ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ತಂದಿದ್ದರು. ಮುಖದ ಮೇಲೆ ಸಂಜೆಯ ಬಿಸಿಲು ಬಿದ್ದರೂ ಅವಳಿಗೆ ಹೊರಳಲು ಬರುತ್ತಿರಲಿಲ್ಲ.

ನಾನು ಕೈ ಮುಗಿದೆ. "ಸಾಹೇಬ್ರ, ಕೇಳೂದನ್ನ ಕಾಗದದ ಮ್ಯಾಲ ಬರ್ದು ಕೊಡ್ರಿ," ಎಂದೆ.

ಅಧಿಕಾರಿ ಹುಬ್ಬು ಏರಿಸಿದರು. ಯಾಕೆ ಎಂದು ಕೇಳಿರಬೇಕು.

"ನನಗ ಕಿವಿ ಕೇಳಂಗಿಲ್ರಿ. ಎರಡು ವರ್ಷ ಆಯ್ತು. ಯಾರಿಗೂ ಹೇಳಿಲ್ಲ."

ಗುಮಾಸ್ತನ ಪೆನ್ನು ನಿಂತಿತು. ಸೆಕ್ಷನ್ ಸಾಹೇಬರು ತಲೆ ಕೆಳಗೆ ಹಾಕಿದರು. ಆಮೇಲೆ ಅಧಿಕಾರಿಯೇ ಬರೆಯುತ್ತಾ ಹೋದರು, ನಾನು ಓದಿ ಹೇಳುತ್ತಾ ಹೋದೆ. ಮುಂಚೆ ನೀರು ಬಿಡುವಾಗ ಏರಿಯ ಮೇಲೆ ನಡೆದು ನೋಡುತ್ತಿದ್ದೆ, ಸಂದೇಶ ಬರತೊಡಗಿದ ಮೇಲೆ ಬಿಟ್ಟೆ, ಅಂದೂ ನೋಡಲಿಲ್ಲ ಎಂದೆ. "ಯಾರೂ ಕೂಗಲಿಲ್ಲ ಎಂದು ಮೊದಲು ಹೇಳಿದ್ದು?" ಎಂದು ಬರೆದರು.

"ನನಗ ಕೇಳಸಲಿಲ್ಲ ಅನ್ನೂದು ಖರೇ ಅದರಿ. ಆಕಿ ಕೂಗಲಿಲ್ಲ ಅಂದದ್ದು ಸುಳ್ಳು. ಹಂಗಂತ ಹೇಳಾಕ ನನಗ ಕಿವಿ ಎಲ್ಲ್ಯದಾವ್ರಿ?"

ಹೊಸ ಹೇಳಿಕೆ ಬರೆದು ಹೆಬ್ಬೆಟ್ಟು ಬೇಕೋ ಸಹಿಯೋ ಎಂದು ಸನ್ನೆ ಮಾಡಿದರು. ಸಹಿ ಮಾಡಿದೆ.

ನೀನು ದಣಿದಿದ್ದೆ, ನಾನು ಅಂಜಿದ್ದೆ. ಹೊರಗೆ ಬಂದಾಗ ಮಾನಮ್ಮ ಮೆಟ್ಟಿಲ ಮೇಲೆ ಕೂತಿದ್ದಳು. ಹೇಳಿದೆ. ಮನೆಗೆ ಬಂದವಳೇ ಪಾತ್ರೆಗಳನ್ನು ಚೀಲಕ್ಕೆ ತುಂಬತೊಡಗಿದಳು, ಗೇಟು ಮನೆ ಬಿಡಬೇಕಾಗುತ್ತದೆಂದು.

ಖಂಡಪ್ಪ


ಶಹಾಪುರ
17 ಜನವರಿ 2013

ಪ್ರೀತಿಯ ಅಣ್ಣನಿಗೆ,

ಆದೇಶದ ಪ್ರತಿ ನನಗೂ ಬಂತು. ತಪ್ಪು ಸಂದೇಶವೇ ಮೊದಲ ಕಾರಣ ಎಂದು ಬರೆದಿದ್ದಾರೆ. ಶೇಖಮ್ಮನ ಚಿಕಿತ್ಸೆಯ ಹೊಣೆ ಕಂಪನಿಯ ಮೇಲೆ, ಇಲಾಖೆಯ ಮೇಲೆ. ನಿನ್ನ ಅಮಾನತು ತೆರವಾಗಿದೆ, ಗೇಟು ಮಾತ್ರ ಇಲ್ಲ. ಸೆಕ್ಷನ್ ಆಫೀಸಿನ ಉಗ್ರಾಣ ಕಾಯುವ ಕೆಲಸ. ಅದರ ಬಗ್ಗೆ ನೀನು ಒಂದು ಸಾಲೂ ಬರೆದಿಲ್ಲ. ಅತ್ತಿಗೆ ಫೋನಿನಲ್ಲಿ ಹೇಳಿದಳು, ನೀನು ಅಲ್ಲಿ ತುಕ್ಕು ಹಿಡಿದ ಚಕ್ರಗಳಿಗೆ ಎಣ್ಣೆ ಹಾಕುತ್ತ ಕೂತಿರುತ್ತೀ ಎಂದು.

ನನ್ನ ಒಪ್ಪಂದ ಮುಗಿಸಿದರು. ಮುಗಿಸದಿದ್ದರೂ ನಾನೇ ಬಿಡುತ್ತಿದ್ದೆ. ಕೊನೆಯ ದಿನ ಹದಿನೆಂಟೂ ಮಂದಿಯ ಮುಂದೆ ನಿಂತು, ನಾನು ನೋಡದೆಯೇ 'ನೋಡೀನಿ' ಎಂದಿದ್ದೆ ಎಂದು ಹೇಳಿದೆ. ದೇವಿಂದ್ರ ಆಮೇಲೆ ಬಂದು, "ನಾ ಆ ಮಾತು ಮುಂದಿನ ಪುಟದಾಗ ದೊಡ್ಡದಾಗಿ ಬರೀಬೇಕಿತ್ರಿ ಮೇಡಂ," ಎಂದ. ಎಲ್ಲರೂ ಆ ತಪ್ಪಿನ ಒಂದೊಂದು ತುಂಡನ್ನು ತಮ್ಮದೆಂದು ಹೊತ್ತುಕೊಂಡು ಓಡಾಡುತ್ತಿದ್ದೇವೆ ಅನಿಸಿತು.

ಮೈನುದ್ದೀನನ ನೌಕರಿ ಉಳಿಯಿತು. ಒಪ್ಪಿಗೆಯ ಸಹಿ ಈಗ ಅವನದೇ. ಮೊದಲ ವಾರವೇ ಒಂದು ರಿಲೀಸನ್ನು ಎರಡು ಸಲ ವಾಪಸು ಕಳಿಸಿದನಂತೆ. ಮ್ಯಾನೇಜರು ಅವನ ಜೊತೆ ಮಾತು ಬಿಟ್ಟಿದ್ದಾರೆ. ಹೊರಡುವ ಮುಂಚೆ ನಾನು ಬರೆದುಕೊಟ್ಟ ಒಂದು ನಿಯಮವನ್ನು ಒಪ್ಪಿಕೊಂಡಿದ್ದಾರೆ. ಪಟ್ಟಿ ಬದಲಾದ ವಾರ ಸಂದೇಶದ ಜೊತೆಗೆ ಒಬ್ಬ ಮನುಷ್ಯ ಹೋಗಿ ಗೇಟಿನವನನ್ನು ಕಾಣಬೇಕು, ಇಬ್ಬರೂ ಏರಿಯ ಮೇಲೆ ನಡೆದು ನೋಡಿದ ಮೇಲೇ ನೀರು ಬಿಡಬೇಕು. ಎಷ್ಟು ದಿನ ನಡೆಯುತ್ತದೋ ಗೊತ್ತಿಲ್ಲ.

ನಾನು ಶಹಾಪುರದಲ್ಲಿ ಒಂದು ಟೈಪಿಂಗ್ ಶಾಲೆ ಸೇರಿದ್ದೇನೆ. ಮಧ್ಯಾಹ್ನ ನಿದ್ದೆ ಮಾಡುತ್ತೇನೆ. ಎಷ್ಟು ನಿದ್ದೆ ಮಾಡಿದರೂ ಸಾಲುವುದಿಲ್ಲ.

ಡಿಸೆಂಬರಿನಲ್ಲಿ ಒಂದು ದಿನ ಶೇಖಮ್ಮನ ಊರಿಗೆ ಹೋಗಿದ್ದೆ. ನಿನಗೆ ಹೇಳಲಿಲ್ಲ. ಅವಳ ಓಣಿಯ ತನಕ ಹೋದೆ. ಒಳಗೆ ಯಾರೋ ಆಕೆಯನ್ನು ಎಬ್ಬಿಸಿ ಕೂರಿಸುತ್ತಿದ್ದರು, ಅವಳು ನೋವಿಗೆ ನರಳುವುದು ಕೇಳಿಸಿತು. ತಂದ ಹಣ್ಣನ್ನು ಪಕ್ಕದ ಮನೆಯ ಕಟ್ಟೆಯ ಮೇಲೆ ಇಟ್ಟು ಬಂದುಬಿಟ್ಟೆ.

ನೀನಾದರೂ ಹೋಗು, ಅಣ್ಣ.

ನಿನ್ನ ತಂಗಿ
ಮಲ್ಲಿ


ಸುರಪುರ
3 ಮಾರ್ಚ್ 2013

ತಂಗಿ ಮಲ್ಲಿಗೆ ಅಣ್ಣನ ಆಶೀರ್ವಾದ.

ಹೋಗಿದ್ದೆ. ನಿನ್ನ ಕಾಗದ ಬಂದು ಒಂದೂವರೆ ತಿಂಗಳಾದ ಮೇಲೆ, ಮೊನ್ನೆ ಶುಕ್ರವಾರ. ಮಾನಮ್ಮನೂ ಬಂದಳು.

ಶೇಖಮ್ಮ ಬಾಗಿಲ ಹೊರಗೆ ಗೋಡೆಗೆ ಒರಗಿ ಕೂತಿದ್ದಳು. ಕೋಲು ಹಿಡಿದು ನಾಲ್ಕು ಹೆಜ್ಜೆ ಇಡುತ್ತಾಳಂತೆ. ನಾಟಿಗೆ ಈ ಸಲ ಸುಗಲಮ್ಮ ಆಳು ಕರೆದುಕೊಂಡು ಹೋದಳು. ಯಾವ ಗದ್ದೆಗೆ ಎಷ್ಟು ಮಂದಿ ಎಂದು ಇವಳು ಕೂತಲ್ಲಿಂದಲೇ ಹೇಳಿ ಕಳಿಸುತ್ತಾಳೆ.

ನನ್ನನ್ನು ಕಂಡು ಮುಖ ತಿರುಗಿಸಲಿಲ್ಲ. ಕೂತುಕೋ ಎಂದೂ ಹೇಳಲಿಲ್ಲ. ನಾನು ನಿಂತೇ ಇದ್ದೆ. ದಾರಿಯುದ್ದಕ್ಕೂ ಏನೇನೋ ಜೋಡಿಸಿಕೊಂಡಿದ್ದೆ, ಒಂದೂ ನೆನಪಾಗಲಿಲ್ಲ. ಅವಳೇ ಮಾತಾಡಿದಳು. ನಾನು ಅವಳ ತುಟಿ ನೋಡುತ್ತಿದ್ದೆ, ಆದರೂ ಪೂರಾ ತಿಳಿಯಲಿಲ್ಲ. ಮಾನಮ್ಮ ನನ್ನ ಕಿವಿಗೆ ಬಾಯಿಟ್ಟು ಒಂದೊಂದೇ ಮಾತು ಹೇಳಿದಳು.

"ಸೊಂಟದ ಮಾತು ಬಿಡು. ಅದು ಆದದ್ದಾಯ್ತು. ನಾಕು ತಿಂಗಳು ಇಲ್ಲಿ ಮಲಗಿದ್ದಾಗ, ನೀರು ತರಾಕ ಹೋಗೋರೆಲ್ಲ ನನ್ನ ಮಾರಿ ನೋಡಿ ಅಂತಿದ್ರು, ಬಾಯಿ ಇತ್ತಲ್ಲ, ಕೂಗ್ಬೇಕಿತ್ತು ಅಂತ. ನಾ ಕೂಗೀನಿ. ನನ್ನ ಕೂಗು ನನಗ ನೆಪ್ಪದ. ನನ್ನ ಗಂಡನೂ ಒಂದು ದಿನ ಕೇಳ್ದ, ಖರೇನ ಕೂಗಿದ್ದೇನು ಅಂತ."

ಅಲ್ಲಿಗೆ ನಿಲ್ಲಿಸಿ ಸೆರಗಿನಿಂದ ಮುಖ ಒರೆಸಿಕೊಂಡಳು. ಆಮೇಲೆ ಕೇಳಿದಳು: "ಸುರಪುರದಾಗ ನೀ ಏನೋ ಬರ್ಸಿ ಕೊಟ್ಟಿಯಂತಲ್ಲ. ಆ ಕಾಗದ ಅದ ಏನು?"

ಇತ್ತು. ಆದೇಶದ ಜೊತೆಗೆ ನನ್ನ ಹೇಳಿಕೆಯ ಪ್ರತಿಯನ್ನೂ ಕೊಟ್ಟಿದ್ದರು. ಅದನ್ನು ತೋರಿಸಲೆಂದೇ ಕಿಸೆಯಲ್ಲಿ ಒಯ್ದಿದ್ದೆ. ತೆಗೆದು ಅವಳ ಕೈಗೆ ಕೊಟ್ಟೆ.

"ನನಗ ಓದಾಕ ಬರಂಗಿಲ್ಲ. ನೀನ ಓದು. ಇಲ್ಲಿ ಅಲ್ಲ, ಕಟ್ಟಿ ಮ್ಯಾಲ ನಿಂತು ಓದು."

ಅವಳು ಸೊಸೆಯನ್ನು ಕಳಿಸಿ ಓಣಿಯವರನ್ನು ಕರೆಸಿದಳು. ಕೆಲಸದಿಂದ ಮರಳಿದ ಹೊತ್ತು. ಹೆಂಗಸರು ತಲೆಯ ಮೇಲಿನ ಹುಲ್ಲಿನ ಹೊರೆ ಇಳಿಸಿ ನಿಂತರು. ಗಂಡಸರು ಗೋಡೆಗೆ ಒರಗಿ ನಿಂತರು. ಮೂವತ್ತು ನಲವತ್ತು ಮಂದಿ ಇದ್ದರು. ಅವರಲ್ಲಿ ಅರ್ಧ ಜನಕ್ಕೆ ನಾನು ವರ್ಷಗಟ್ಟಲೆ ನೀರು ಬಿಟ್ಟವನು. ಮಾನಮ್ಮ ಪಕ್ಕದಲ್ಲಿ ನಿಂತಳು.

ಓದಿದೆ. "ನಾನು ಖಂಡಪ್ಪ, ಹನ್ನೆರಡನೆಯ ಗೇಟಿನ ಲಷ್ಕರ. ನನಗೆ ಎರಡು ವರ್ಷದಿಂದ ಕಿವಿ ಕೇಳಿಸುವುದಿಲ್ಲ. ಶೇಖಮ್ಮ ಕೂಗಲಿಲ್ಲ ಎಂದು ನಾನು ಮೊದಲು ಹೇಳಿದ್ದು ಸುಳ್ಳು. ಆಕೆ ಕೂಗಿದ್ದಾಳೆ. ಕೇಳದೆ ಹೋದದ್ದು ನಾನು." ಕೆಳಗಿನ ತಾರೀಖು, ನನ್ನ ಹೆಸರು, ಎಲ್ಲ ಓದಿದೆ. ನನ್ನ ದನಿ ನನಗೇ ಕೇಳಿಸುವುದಿಲ್ಲವಲ್ಲ, ಎಷ್ಟು ಗಟ್ಟಿಯಾಗಿ ಓದಿದೆನೋ ತಿಳಿಯಲಿಲ್ಲ.

ಓದಿ ಮುಗಿಸಿ ಕೆಳಗೆ ಇಳಿಯಬೇಕೆಂದಿದ್ದೆ. ಶೇಖಮ್ಮ ಗಂಡನ ಮುಖ ನೋಡುತ್ತಿದ್ದಳು. ಅವನು ತಲೆಯ ವಸ್ತ್ರ ತೆಗೆದು ಕೈಯಲ್ಲಿ ಹಿಡಿದು ನಿಂತಿದ್ದ. ಆಮೇಲೆ ಅವಳು ನನ್ನತ್ತ ತಿರುಗಿ ಕೋಲು ಎತ್ತಿ ಓಣಿಯ ಕೊನೆ ತೋರಿಸಿದಳು. ಏನು ಎಂದು ಮಾನಮ್ಮನನ್ನು ನೋಡಿದೆ.

"ಇನ್ನೊಮ್ಮಿ ಓದಂತ," ಎಂದು ಕಿವಿಯಲ್ಲಿ ಹೇಳಿದಳು ಮಾನಮ್ಮ. "ಹಿಂದಿನವ್ರಿಗೆ ಕೇಳ್ಸಿಲ್ಲಂತ."

ಇನ್ನೊಮ್ಮೆ ಓದಿದೆ.

ಅಣ್ಣ
ಖಂಡಪ್ಪ